ಪದ ಪರಿಚಯ: ಶಿಲೀಂಧ್ರ

ಕಲಬುರಗಿಯ ತೊಗರಿ ರೈತರಿಗೆ ಶಿಲೀಂಧ್ರ ಎಂದ ಕೂಡಲೇ ನೆನಪಾಗುವುದು ನೆಟೆ ರೋಗ. ಹೂವಾಗಿ ಕಾಯಿ ಹಿಡಿಯುವ ಹೊತ್ತಿಗೆ, ನೆಲದಲ್ಲಿ ಹಸಿ ಇದ್ದರೂ ಗಿಡ ನಿಂತಲ್ಲೇ ಬಾಡುತ್ತದೆ. ಅದನ್ನು ಕಿತ್ತು ಬುಡದ ತೊಗಟೆ ಸುಲಿದರೆ ಒಳಗೆ ಕಂದುಗಪ್ಪು ಗೆರೆಗಳು ಮೇಲಕ್ಕೆ ಹರಿದಿರುತ್ತವೆ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಬೇರಿನಿಂದ ನುಗ್ಗಿ, ನೀರು ಏರುವ ನಾಳಗಳನ್ನು ಕಟ್ಟಿಹಾಕಿದ ಗುರುತು ಅದು.

ಪದ ಮಾತ್ರ ಇಷ್ಟು ಕೆಟ್ಟದ್ದಲ್ಲ. ಸಂಸ್ಕೃತದಲ್ಲಿ ಅದಕ್ಕೆ ಅಣಬೆ ಎಂಬ ಅರ್ಥವಿದೆ. ಕಾಳಿದಾಸನ ಮೇಘದೂತದಲ್ಲಿ ಗುಡುಗಿಗೆ ನೆಲ ಶಿಲೀಂಧ್ರಗಳನ್ನು ಎಬ್ಬಿಸಿ ಫಲವತ್ತಾಗುತ್ತದೆ. ಇಂದಿನ ವಿಜ್ಞಾನದ ಕನ್ನಡದಲ್ಲಿ ಅರ್ಥ ಹಿಗ್ಗಿದೆ. ನಾಯಿಕೊಡೆ, ಬ್ರೆಡ್ಡು ಉಬ್ಬಿಸುವ ಯೀಸ್ಟ್, ಜೋಳದ ತೆನೆಯ ಕಾಡಿಗೆ ಎಲ್ಲವೂ ಶಿಲೀಂಧ್ರಗಳೇ. ಕಡಕ್ ರೊಟ್ಟಿಗೆ ತೇವ ತಾಗಿದರೆ ಹಿಡಿಯುವ ಬೂಷ್ಟೂ ಅದೇ.

ಇವು ಸಸ್ಯಗಳಲ್ಲ. 1969ರಲ್ಲಿ ಅಮೆರಿಕದ ಜೀವವಿಜ್ಞಾನಿ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಇವಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟರು. ಹಸಿರು ಪತ್ರಹರಿತ್ತು ಇಲ್ಲ. ಕೋಶದ ಗೋಡೆಯಲ್ಲಿರುವುದು ಏಡಿಯ ಚಿಪ್ಪಿನಲ್ಲಿರುವ ಕೈಟಿನ್. ನಾವು ಉಂಡು ಅರಗಿಸಿಕೊಂಡರೆ ಇವು ಮೊದಲು ಹೊರಗೇ ಅರಗಿಸಿ ಆಮೇಲೆ ಹೀರುತ್ತವೆ. ಕಣ್ಣಿಗೆ ಬೀಳುವ ಅಣಬೆ ಬೀಜಕಗಳನ್ನು ಹರಡುವ ಭಾಗವಷ್ಟೇ, ನಿಜವಾದ ಒಡಲು ಮಣ್ಣೊಳಗಿನ ನೂಲಿನಂಥ ಎಳೆಗಳ ಜಾಲ. ಹೆಸರಿಟ್ಟ ಪ್ರಭೇದಗಳು ಸುಮಾರು ಒಂದೂವರೆ ಲಕ್ಷ; ಒಟ್ಟು 22ರಿಂದ 38 ಲಕ್ಷ ಇರಬಹುದೆಂದು 2017ರ ಅಂದಾಜು.

ಆ ಜಾಲ ಇಲ್ಲದಿದ್ದರೆ ಹೊಲದ ಕೂಳೆ, ದಂಟು, ಒಣ ಕಟ್ಟಿಗೆ ಸುಲಭವಾಗಿ ಮಣ್ಣಾಗುತ್ತಿರಲಿಲ್ಲ. ಸುಣ್ಣದ ಅಂಶ ಹೆಚ್ಚಿರುವ ಎರೆ ಭೂಮಿ ರಂಜಕವನ್ನು ಬಿಗಿಹಿಡಿಯುತ್ತದೆ. ಬೇರಿಗೆ ಅಂಟಿ ಬಾಳುವ ಮೈಕೋರೈಝಾ ಎಂಬ ಶಿಲೀಂಧ್ರಗಳು ಬೇರು ಮುಟ್ಟದ ಸಂದಿಯಿಂದ ಅದನ್ನು ತಂದುಕೊಟ್ಟು, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತವೆ.

ನೆಟೆ ತಡೆಯಲು ಬೀಜಕ್ಕೆ ಲೇಪಿಸುವ ಟ್ರೈಕೋಡರ್ಮಾ ಪುಡಿಯೂ ಶಿಲೀಂಧ್ರವೇ ಎಂದರೆ ಹಲವರು ನಂಬುವುದಿಲ್ಲ. ಅದು ಎದುರಾಳಿಯ ಎಳೆಗಳಿಗೆ ಸುತ್ತಿಕೊಂಡು ಅವನ್ನೇ ತಿನ್ನುತ್ತದೆ. ತೊಗರಿಯ ಜೊತೆ ಜೋಳ ಬೆಳೆದರೂ ನೆಟೆ ತಗ್ಗುತ್ತದೆ. ಬಾಡಿದ ಗಿಡವನ್ನು ಮಾತ್ರ ಬದುವಿನ ಮೇಲೆ ಎಸೆಯಬಾರದು, ಬೇರುಸಹಿತ ಕಿತ್ತು ಸುಡಬೇಕು. ಮಣ್ಣಿನಲ್ಲಿ ಉಳಿದ ಬೇರಿನ ಚೂರಿನಲ್ಲಿ ರೋಗ ವರ್ಷಗಟ್ಟಲೆ ಕಾದು ಕೂರಬಲ್ಲದು.