ಪಾಪವೆಂದು ಕೊಂಡ ಮೀನು

ಸಮುದ್ರದ ಮೀನು ಸಾಕುವವರು ನನ್ನ ಬಳಿ ಬಂದಾಗ ಕಾಯಿಲೆಯ ವಿವರಕ್ಕಿಂತ ಮೊದಲು ಹೇಳುವ ಮಾತೊಂದಿದೆ: "ಅಂಗಡಿಯಲ್ಲಿ ಸೊರಗಿ ಮೂಲೆ ಹಿಡಿದಿತ್ತು ಡಾಕ್ಟರೇ, ಪಾಪ, ನೋಡಲಾಗದೆ ತಂದೆ." ಮೀನುಗಳ ವೈದ್ಯನಾಗಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರಲ್ಲಿ ಕಪಟವಿಲ್ಲ, ನಿಜವಾಗಿ ಮರುಗಿಯೇ ತಂದಿರುತ್ತಾರೆ. ಆದರೆ ಈ ಮರುಕವೇ ಹವಳದ ದಿಬ್ಬದ ಮೀನುಗಳಿಗೆ ಮುಳುವಾಗುತ್ತಿದೆ ಎಂಬುದನ್ನು ಪ್ರತಿ ಸಲವೂ ಮೊದಲಿನಿಂದ ಬಿಡಿಸಿ ಹೇಳಬೇಕಾಗುತ್ತದೆ.

ಅಕ್ವೇರಿಯಂ ತೊಟ್ಟಿಯ ನೀರಿನಲ್ಲಿರುವ ಲವಣಾಂಶ, ಅಮೋನಿಯ, ನೈಟ್ರೈಟ್‌ಗಳ ಪಾಠವನ್ನು ಇಲ್ಲಿ ಒಪ್ಪಿಸುವುದಿಲ್ಲ. ಅದು ತೊಟ್ಟಿ ಕೊಳ್ಳುವ ಮುನ್ನವೇ ತಿಳಿದಿರಬೇಕಾದ ಸಂಗತಿ.

ಸಿಹಿನೀರಿನ ಮೀನು ಸಾಕಿ ಪಳಗಿದವರೇ ಹೆಚ್ಚಾಗಿ ಎಡವುತ್ತಾರೆ. ಗಪ್ಪಿ, ಗೋಲ್ಡ್‌ಫಿಶ್, ಏಂಜೆಲ್ ಮೀನುಗಳೆಲ್ಲ ಕೊಳಗಳಲ್ಲಿ ತಲೆಮಾರುಗಳಿಂದ ಸಾಕಿ ಬೆಳೆಸಿದವು. ಸಮುದ್ರದ ಮೀನೂ ಹಾಗೆಯೇ ಎಲ್ಲೋ ಸಾಕಣೆ ಕೇಂದ್ರದಿಂದ ಬಂದಿರಬೇಕು ಎಂದುಕೊಳ್ಳುತ್ತಾರೆ. ಇಲ್ಲ. ಅಂಗಡಿಗೆ ಬರುವ ಸಮುದ್ರ ಮೀನುಗಳ ಜಾತಿಗಳಲ್ಲಿ ಬಹುಪಾಲನ್ನು ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. ಹೆಚ್ಚಿನ ಜಾತಿಗಳು ಮೊಟ್ಟೆಗಳನ್ನು ನೀರಿಗೆ ಚೆಲ್ಲಿಬಿಡುತ್ತವೆ. ಒಂದೆರಡು ಮಿಲಿಮೀಟರ್‌ನ ಮರಿ ವಾರಗಟ್ಟಲೆ ತೆರೆದ ಕಡಲಿನಲ್ಲಿ ತೇಲುತ್ತದೆ. ಅದರ ಬಾಯಿಗೆ ಹಿಡಿಸುವಷ್ಟು ಸಣ್ಣ ಜೀವಂತ ಆಹಾರವನ್ನು ತೊಟ್ಟಿಯಲ್ಲಿ ಒದಗಿಸುವುದೇ ದೊಡ್ಡ ಸಾಹಸ. ಹವಾಯಿಯಲ್ಲಿ ಯೆಲ್ಲೋ ಟ್ಯಾಂಗ್ ಎಂಬ ಹಳದಿ ಮೀನಿನ ಮರಿಗಳನ್ನು ಬೆಳೆಸಲು ಸಾಧ್ಯವಾದದ್ದು 2015ರಲ್ಲಿ, ಫ್ಲಾರಿಡಾದಲ್ಲಿ ಬ್ಲೂ ಟ್ಯಾಂಗ್ ಎಂಬ ನೀಲಿ ಮೀನಿನ ಮರಿಗಳನ್ನು ಉಳಿಸಿಕೊಂಡದ್ದು 2016ರಲ್ಲಿ. ಅದಕ್ಕೂ ಮುಂಚೆ ಯಾರ ಮನೆಯ ತೊಟ್ಟಿಯಲ್ಲಿ ಈ ಮೀನು ಈಜುತ್ತಿದ್ದರೂ ಅದು ಸಮುದ್ರದಿಂದ ತಂದದ್ದೇ.

ಇನ್ನು ಮರುಕದ ಮಾತಿಗೆ ಬರುತ್ತೇನೆ. "ಹೇಗೂ ಹಿಡಿದು ತಂದಾಗಿದೆ, ನಾನು ಕೊಳ್ಳದಿದ್ದರೆ ಅದೇನು ಸಮುದ್ರಕ್ಕೆ ವಾಪಸ್ ಹೋಗುತ್ತದೆಯೇ?" ಎನ್ನುತ್ತಾರೆ. ಹೋಗುವುದಿಲ್ಲ, ಒಪ್ಪುತ್ತೇನೆ. ಆ ಒಂದು ಮೀನಿನ ಮಟ್ಟಿಗೆ ನೀವು ಒಳ್ಳೆಯದನ್ನೇ ಮಾಡಿರಬಹುದು. ಆದರೆ ಅಂಗಡಿಯವರು ಮುಂದಿನ ಬೇಡಿಕೆ ಕಳಿಸುವಾಗ ನೋಡುವುದು ಯಾವ ತೊಟ್ಟಿ ಖಾಲಿಯಾಗಿದೆ ಎಂಬುದನ್ನು. ಮರುಗಿ ಕೊಂಡಿರೋ, ಮೆಚ್ಚಿ ಕೊಂಡಿರೋ ಅವರಿಗೆ ತಿಳಿಯುವ ದಾರಿಯಿಲ್ಲ. ಆ ಜಾತಿ ಮಾರಾಟವಾಯಿತು ಎಂಬುದಷ್ಟೇ ತಿಳಿಯುತ್ತದೆ. ಬೇಡಿಕೆ ಸಗಟು ವ್ಯಾಪಾರಿಗೆ, ಅಲ್ಲಿಂದ ರಫ್ತುದಾರನಿಗೆ, ಮಧ್ಯವರ್ತಿಗೆ, ಕೊನೆಗೆ ನೀರಿಗಿಳಿಯುವ ಮೀನುಗಾರನಿಗೆ ತಲುಪುತ್ತದೆ. ಅವನು ಹಿಡಿದದ್ದೆಲ್ಲ ಬದುಕಿ ನಿಮ್ಮೂರು ಸೇರುವುದಿಲ್ಲ, ದಾರಿಯ ಪ್ರತಿ ಹಂತದಲ್ಲೂ ಸಾಯುತ್ತವೆ. ನೀವು ಒಂದನ್ನು ಬದುಕಿಸಿದ ಜಾಗಕ್ಕೆ ಬರುವುದು ಒಂದೇ ಮೀನಾದರೂ ಅದಕ್ಕಾಗಿ ಸಮುದ್ರ ಕಳೆದುಕೊಳ್ಳುವುದು ಒಂದನ್ನೇ ಅಲ್ಲ.

ಹಿಡಿಯುವ ಬಗೆಯನ್ನೂ ಹೇಳಬೇಕು. 1960ರ ದಶಕದಲ್ಲಿ ಫಿಲಿಪೀನ್ಸ್‌ನಲ್ಲಿ ಶುರುವಾದ ಕ್ರಮವೊಂದಿದೆ: ಹವಳದ ಸಂದಿಯಲ್ಲಿ ಅಡಗಿದ ಮೀನಿನ ಮೇಲೆ ಸೋಡಿಯಂ ಸೈನೈಡ್ ದ್ರಾವಣ ಚಿಮುಕಿಸಿ, ಮಂಪರು ಬಂದಾಗ ಎತ್ತಿಕೊಳ್ಳುವುದು. ಮೀನಿನ ಜೊತೆಗೆ ಹವಳವೂ ಸಾಯುತ್ತದೆ. ಕಾನೂನು ನಿಷೇಧಿಸಿದರೂ ಪೂರ್ತಿ ನಿಂತಿಲ್ಲ. ನನ್ನ ಮುಂದಿರುವ ಮೀನನ್ನು ಹಾಗೆಯೇ ಹಿಡಿದರೆಂದು ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ, ಹೇಳುವವರನ್ನು ನಂಬಲೂಬೇಡಿ. ಹಾಗೆಂದು ಮೀನುಗಾರರನ್ನೆಲ್ಲ ದೂರುವವನು ನಾನಲ್ಲ. ಸಣ್ಣ ಬಲೆ ಹಿಡಿದು, ಬೇಕಾದಷ್ಟನ್ನೇ ಹಿಡಿದು, ತಮ್ಮ ದಿಬ್ಬವನ್ನು ತಾವೇ ಕಾಯುವವರೂ ಇದ್ದಾರೆ. ಅಂಥವರ ಮೀನು ಯಾವುದು ಎಂದು ಅಂಗಡಿಯ ಗಾಜಿನಾಚೆಯಿಂದ ಗೊತ್ತಾಗುವುದಿಲ್ಲ, ಅದೇ ತೊಂದರೆ.

ನಿವೃತ್ತ ಶಿಕ್ಷಕಿಯೊಬ್ಬರು ಮ್ಯಾಂಡರಿನ್ ಮೀನೊಂದನ್ನು ತಂದು ತೋರಿಸಿದ್ದರು. ನೀಲಿ ಮೈಮೇಲೆ ಕಿತ್ತಳೆ ಗೆರೆಗಳು ಸುತ್ತಿಸುತ್ತಿ ಹರಿದ, ಬೆರಳುದ್ದದ ಜೀವ. "ಬೆಳಗಿನಿಂದ ಸಂಜೆಯವರೆಗೆ ಕಲ್ಲು ಕುಕ್ಕಿ ತಿನ್ನುತ್ತಲೇ ಇರುತ್ತದೆ, ಆದರೂ ಮೈ ಇಳಿಯುತ್ತಿದೆ" ಎಂದರು. ಮೇಲಿನಿಂದ ನೋಡಿದರೆ ತಲೆ ದಪ್ಪ, ಅದರ ಹಿಂದೆ ಮೈ ಒಮ್ಮೆಲೇ ಕಿರಿದು. ಪಕ್ಕದಿಂದ ನೋಡಿದರೆ ಹೊಟ್ಟೆ ಒಳಕ್ಕೆ ಅಂಟಿತ್ತು. ಅದು ತಿನ್ನುತ್ತಿರಲಿಲ್ಲ, ಹುಡುಕುತ್ತಿತ್ತು. ಮ್ಯಾಂಡರಿನ್ ಬದುಕುವುದು ಕಲ್ಲಿನ ಮೇಲೆ ಹರಿದಾಡುವ ಕೋಪಿಪಾಡ್ ಎಂಬ ಅತಿಸಣ್ಣ ಜೀವಿಗಳನ್ನು ದಿನವಿಡೀ ಹೆಕ್ಕಿ. ಹೊಸ ತೊಟ್ಟಿಯಲ್ಲಿರುವ ಅಷ್ಟಿಷ್ಟು ಕೋಪಿಪಾಡ್ ಬೇಗ ಮುಗಿದುಹೋಗುತ್ತದೆ, ಉದುರಿಸಿದ ಒಣ ಆಹಾರವನ್ನು ಸಮುದ್ರದಿಂದ ಬಂದ ಮ್ಯಾಂಡರಿನ್ ಸಾಮಾನ್ಯವಾಗಿ ಮೂಸಿಯೂ ನೋಡುವುದಿಲ್ಲ. ಜೀವಂತ ಕೋಪಿಪಾಡ್ ತರಿಸಿ ಹಾಕಿದೆವು, ಚೇತರಿಸಿಕೊಳ್ಳಲಿಲ್ಲ. ಅದು ಸತ್ತ ಮೇಲೆ ಆಕೆ ಕೇಳಿದ್ದು: "ಅದರ ಜೊತೆಯದು ಇನ್ನೂ ಅಂಗಡಿಯಲ್ಲೇ ಇದೆ. ಅದನ್ನಾದರೂ ಉಳಿಸಲೇ?" ಅಳುತ್ತಲೇ ಕೇಳಿದರು. ಬೇಡವೆಂದು ಗಡುಸಾಗಿಯೇ ಹೇಳಿದೆ. ಆಕೆ ಅಂಗಡಿಗೆ ಹೋದರು, ಆದರೆ ಕೊಳ್ಳಲಿಲ್ಲ. ಈ ಮೀನನ್ನು ಏಕೆ ಕೊಳ್ಳುತ್ತಿಲ್ಲ, ಮುಂದೆ ಏಕೆ ತರಿಸಬಾರದು ಎಂದು ಅಂಗಡಿಯವರಿಗೆ ವಿವರವಾಗಿ ಹೇಳಿ ಬಂದರು. ಮರುಗುವವರೆಲ್ಲ ಹೀಗೆ ಮಾಡಬಾರದೇಕೆ ಎಂದು ನನಗೆ ಅಂದಿನಿಂದಲೂ ಅನ್ನಿಸುತ್ತದೆ.

ಸಮುದ್ರದ ಮೀನನ್ನು ಸಾಕಲೇಬಾರದೆಂದು ನಾನು ಹೇಳುವುದಿಲ್ಲ. ಕ್ಲೌನ್ ಮೀನು ತೊಟ್ಟಿಯಲ್ಲೇ ಹುಟ್ಟಿ ಬೆಳೆದು ಸಿಗುತ್ತದೆ, ಗೋಬಿ, ಡಾಟಿಬ್ಯಾಕ್ ಎಂಬ ಸಣ್ಣ ಮೀನುಗಳಲ್ಲೂ ಕೆಲವು ಹಾಗೆ ಸಿಗುತ್ತವೆ. ಬ್ಯಾಂಗೈ ಕಾರ್ಡಿನಲ್ ಎಂಬ ಮೀನನ್ನು ನೋಡಿ. ಇಂಡೋನೇಷ್ಯಾದ ಬ್ಯಾಂಗೈ ದ್ವೀಪಗಳ ಸುತ್ತಮುತ್ತ ಮಾತ್ರ ಇದರ ಮೂಲ ನೆಲೆ. ಗಂಡು ಮೊಟ್ಟೆಗಳನ್ನು ಬಾಯಲ್ಲೇ ಕಾಪಾಡುತ್ತದೆ, ಮರಿಗಳು ತೇಲಿಹೋಗದೆ ಹುಟ್ಟಿದಲ್ಲೇ ನೆಲೆಸುತ್ತವೆ. ಹಾಗಾಗಿ ಒಂದು ಜಾಗದಲ್ಲಿ ಬಾಚಿಕೊಂಡರೆ ಬೇರೆಡೆಯಿಂದ ಬಂದು ತುಂಬುವುದು ಕಷ್ಟ. 2007ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ತೇಲುವ ಮರಿಯ ಹಂತ ಇಲ್ಲದ್ದರಿಂದಲೇ ಇದನ್ನು ತೊಟ್ಟಿಯಲ್ಲಿ ಮರಿ ಮಾಡಿಸುವುದೂ ಸುಲಭ. ಸಾಕಿದ್ದು ಸಿಗುವಾಗ ಸಮುದ್ರದ್ದನ್ನು ಕೊಳ್ಳಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಇದು ಹುಟ್ಟಿದ್ದು ಎಲ್ಲಿ ಎಂಬುದು. ಉತ್ತರ ತಡವರಿಸಿದರೆ ಸಮುದ್ರದಿಂದಲೇ ಬಂದದ್ದು ಎಂದುಕೊಳ್ಳಿ.

ಈಗಾಗಲೇ ಮನೆಯಲ್ಲಿರುವ ಮೀನಿನ ಬಗ್ಗೆಯೂ ಕೇಳುತ್ತಾರೆ: "ತಪ್ಪಾಯಿತು, ಸಮುದ್ರಕ್ಕೆ ಬಿಟ್ಟುಬಿಡಲೇ?" ಖಂಡಿತ ಬೇಡ. ಲಯನ್ ಮೀನು ಹಿಂದೂ ಮಹಾಸಾಗರ, ಪೆಸಿಫಿಕ್‌ಗಳದು. 1985ರಲ್ಲಿ ಅದು ಫ್ಲಾರಿಡಾ ಕರಾವಳಿಯಲ್ಲಿ ಕಂಡಿತು, ಮುಂದೆ ಕೆರಿಬಿಯನ್ ಪೂರ್ತಿ ಹರಡಿ ಅಲ್ಲಿನ ಮರಿಮೀನುಗಳನ್ನು ನುಂಗುತ್ತಿದೆ. ಅಕ್ವೇರಿಯಂ ಸಾಕಿದವರು ಬಿಟ್ಟ ಮೀನುಗಳಿಂದಲೇ ಇದು ಶುರುವಾಯಿತೆಂದು ವಿಜ್ಞಾನಿಗಳು ನಂಬುತ್ತಾರೆ. ತಂದ ಮೀನನ್ನು ಅದರ ಆಯುಷ್ಯವಿರುವವರೆಗೂ ಚೆನ್ನಾಗಿ ನೋಡಿಕೊಳ್ಳಿ. ಕ್ಲೌನ್ ಮೀನು 20 ವರ್ಷ ದಾಟಿಯೂ ಬದುಕಬಲ್ಲದು, ಅಷ್ಟು ದಿನದ ಹೊಣೆ ಅದು. ಆಗದಿದ್ದರೆ ದೊಡ್ಡ, ಹಳೆಯ ತೊಟ್ಟಿಯಿರುವ ಅನುಭವಿಗಳಿಗೆ ಒಪ್ಪಿಸಿ, ಅದರ ಜಾಗಕ್ಕೆ ಇನ್ನೊಂದನ್ನು ತರಬೇಡಿ.