ಬೇರಿಂಗ್ ಕೊಳ್ಳುವ ಮೊದಲು ಕ್ರ್ಯಾಂಕ್ ಅಳೆಸಿ

ಹಳೆಯ ಟ್ರ್ಯಾಕ್ಟರ್ ಎಂಜಿನ್ನಿನ ಕೆಲಸಕ್ಕೆಂದು ನಮ್ಮ ಲೇತ್ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಬಿಡಿಭಾಗಗಳ ಚೀಲವನ್ನೂ ಜೊತೆಯಲ್ಲೇ ಹೊತ್ತು ತರುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಚೌಕಾಸಿ ಮಾಡಿ ಕೊಂಡ ಮಾಲು ಅದು. ‘ಮ್ಯಾಸಿ ಟ್ರ್ಯಾಕ್ಟರಿನದು, ಫುಲ್ ಸೆಟ್ ತಂದಿದ್ದೇನೆ, ಕೂರಿಸಿಕೊಟ್ಟರೆ ಸಾಕು’ ಎನ್ನುತ್ತಾರೆ. ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳ ಏರಿಳಿತದಿಂದ ತಿರುಗುವ ಎಂಜಿನ್ನಿನ ದಂಡವನ್ನು ಅಳೆಸಿದ್ದೀರಾ ಎಂದು ಕೇಳಿದರೆ, ಕಂಪನಿ ಮಾಲನ್ನೇ ತಂದಿರುವಾಗ ಅಳೆಯುವುದೇಕೆ ಎಂದು ನನ್ನನ್ನೇ ಕೇಳುತ್ತಾರೆ. ಈ ಮಾತು ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಗಾಡಿಗೆ ಮಾಲು ಸಿಗುವುದಿಲ್ಲ ಎಂಬ ದೂರು ಅರ್ಧ ಮಾತ್ರ ನಿಜ. 1960ರಲ್ಲಿ ಆರಂಭವಾದ ಚೆನ್ನೈನ ಟಾಫೆ ಕಂಪನಿಯ ಮ್ಯಾಸಿ ಫರ್ಗ್ಯುಸನ್, 1963ರಲ್ಲಿ ಶುರುವಾದ ಮಹೀಂದ್ರದ ಇಂಟರ್‌ನ್ಯಾಷನಲ್ ಬಿ-275, ಇವೆರಡೂ ಎಷ್ಟೊಂದು ಮಾರಾಟವಾಗಿವೆಯೆಂದರೆ ರಾಜಕೋಟ್, ಲುಧಿಯಾನಗಳ ಸಣ್ಣ ಕಾರ್ಖಾನೆಗಳಿಂದ ಪಿಸ್ಟನ್, ಲೈನರ್, ವಾಲ್ವ್‌ಗಳು ಇಂದಿಗೂ ಬರುತ್ತಿವೆ. ಎಚ್‌ಎಂಟಿ ಜೀಟರ್ 2511ರ ಕಥೆ ಸ್ವಲ್ಪ ಕಷ್ಟದ್ದು. 1971ರಲ್ಲಿ ಪಿಂಜೋರ್‌ನಲ್ಲಿ ಶುರುವಾದ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ 2016ರಲ್ಲಿ ಮುಚ್ಚುವ ತೀರ್ಮಾನಕ್ಕೆ ಒಳಗಾಯಿತು. ಆದರೂ ಹುಡುಕಿದರೆ ಸಿಗುತ್ತದೆ. ಏನನ್ನು ಹುಡುಕಬೇಕೆಂದು ತಿಳಿಯದೆ ಹುಡುಕುವುದರಲ್ಲೇ ತೊಂದರೆ ಇರುವುದು.

ನಲವತ್ತು ಐವತ್ತು ವರ್ಷ ದುಡಿದ ಎಂಜಿನ್ ಕಾರ್ಖಾನೆಯಿಂದ ಹೊರಟಾಗಿನ ಅಳತೆಯಲ್ಲಿ ಉಳಿದಿರುವುದು ಅಪರೂಪ. ಕ್ರ್ಯಾಂಕಿನ ಪಿನ್ (ಬೇರಿಂಗಿನೊಳಗೆ ತಿರುಗುವ ದುಂಡು ಭಾಗ) ಸವೆದು ಅಂಡಾಕಾರವಾದಾಗ ಅದನ್ನು ಗ್ರೈಂಡ್ ಮಾಡಿ ಮತ್ತೆ ದುಂಡಗೆ ಮಾಡುತ್ತಾರೆ. ಹಾಗೆ ಮಾಡುವಾಗ ಪಿನ್ ಒಂದು ಹಂತ ಸಣ್ಣದಾಗುತ್ತದೆ. ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ನಾವು ಥೌ ಎನ್ನುತ್ತೇವೆ. ಮೊದಲ ಸಲ 10 ಥೌ, ಆಮೇಲೆ 20, ಆಮೇಲೆ 30. ಮಿಲಿಮೀಟರಿನಲ್ಲಿ ಹೇಳಿದರೆ ಕಾಲು, ಅರ್ಧ, ಮುಕ್ಕಾಲು. ಪಿನ್ ಎಷ್ಟು ಸಣ್ಣದಾಗಿದೆಯೋ ಅಷ್ಟಕ್ಕೆ ಸರಿಯಾದ ದಪ್ಪದ ಬೇರಿಂಗ್, ಅಂದರೆ ಪಿನ್ನನ್ನು ಸುತ್ತುವ ಲೋಹದ ಚಿಪ್ಪು, ಬೇಕು. ಆ ಬೇರಿಂಗಿನ ಬೆನ್ನ ಮೇಲೆ 010 ಅಥವಾ 020 ಎಂಬ ಗುರುತು ಸಾಮಾನ್ಯವಾಗಿ ಇರುತ್ತದೆ. ಹಳೆಯದನ್ನು ಕಳಚಿ, ಎಣ್ಣೆ ಒರೆಸಿ, ಬೆಳಕಿಗೆ ಹಿಡಿದರೆ ಓದಬಹುದು. ಪಿನ್ನಿಗೂ ಬೇರಿಂಗಿಗೂ ನಡುವೆ ಆಯಿಲ್ ಓಡಾಡಲು ಇರಬೇಕಾದ ಜಾಗ ಈ ಗಾತ್ರದ ಎಂಜಿನ್ನುಗಳಲ್ಲಿ ಎರಡು ಮೂರು ಥೌ ಮಾತ್ರ. ಖಚಿತ ಅಂಕಿಯನ್ನು ಆಯಾ ಎಂಜಿನ್ನಿನ ಕೈಪಿಡಿಯಲ್ಲೇ ನೋಡಬೇಕು. 20 ಥೌ ಗ್ರೈಂಡ್ ಆದ ಪಿನ್ನಿಗೆ ಸ್ಟ್ಯಾಂಡರ್ಡ್ (ಕಾರ್ಖಾನೆಯ ಮೂಲ ಅಳತೆಯ) ಬೇರಿಂಗ್ ಕೂರಿಸಿದರೆ ಆ ಜಾಗ ಇಪ್ಪತ್ತು ಥೌ ಮೀರುತ್ತದೆ. ಆಯಿಲ್ ನಿಲ್ಲದೆ ಸೋರಿಹೋಗುತ್ತದೆ, ಎಂಜಿನ್ ಬಿಸಿಯಾಗುತ್ತಿದ್ದಂತೆ ಪ್ರೆಷರ್ ಮುಳ್ಳು ಕೆಳಗಿಳಿಯುತ್ತದೆ, ಟಕಟಕ ಸದ್ದು ಶುರುವಾಗುತ್ತದೆ. ಬೇರಿಂಗ್ ಅಸಲಿ ಕಂಪನಿಯದೇ ಆಗಿದ್ದರೂ ಇದು ತಪ್ಪುವುದಿಲ್ಲ.

ಮಳವಳ್ಳಿ ಕಡೆಯ ರೈತರೊಬ್ಬರು ತಂದೆಯ ಕಾಲದ ಮ್ಯಾಸಿಯನ್ನು ತಂದಿದ್ದರು. ಆಯುಧಪೂಜೆಗೆ ಮೊದಲ ಕುಂಬಳಕಾಯಿ ಒಡೆಯುವುದು ಇಂದಿಗೂ ಅದರ ಮುಂದೆಯೇ ಎಂದು ಹೇಳಿಕೊಂಡರು; ಅಂಥವರ ಮೇಲೆ ನನಗೆ ಮುನಿಸು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಊರಿನ ಮೇಸ್ತ್ರಿ ಸ್ಟ್ಯಾಂಡರ್ಡ್ ಬೇರಿಂಗ್ ಹಾಕಿ, ಸಡಿಲವೆನಿಸಿದ್ದಕ್ಕೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕ್ಯಾಪುಗಳ (ಪಿನ್ನನ್ನು ಕೆಳಗಿನಿಂದ ಹಿಡಿಯುವ ಅರ್ಧಬಳೆಗಳ) ಅಂಚಿಗೆ ಅರ ಹಾಕಿ ಉಜ್ಜಿದ್ದರು. ಒಂದು ಬೇರಿಂಗಿನ ಹಿಂದೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಮಡಚಿಟ್ಟದ್ದೂ ಸಿಕ್ಕಿತು. ರಾಡನ್ನೂ ಅದರ ಕ್ಯಾಪನ್ನೂ ಕಾರ್ಖಾನೆಯಲ್ಲಿ ಜೋಡಿಸಿಟ್ಟು ಒಟ್ಟಿಗೇ ಕೊರೆದು, ಜೋಡಿ ತಪ್ಪದಿರಲೆಂದು ಎರಡರ ಮೇಲೂ ಒಂದೇ ಸಂಖ್ಯೆ ಒತ್ತಿರುತ್ತಾರೆ. ಅಂಚನ್ನು ಉಜ್ಜಿದರೆ ಆ ತೂತಿನ ದುಂಡು ಶಾಶ್ವತವಾಗಿ ಕೆಡುತ್ತದೆ. ಆಮೇಲೆ ಸರಿಯಾದ ಅಳತೆಯ ಬೇರಿಂಗ್ ತಂದರೂ ಒಂದು ದಿಕ್ಕಿನಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ. ನಾವು ಅಳೆದಾಗ ಕ್ರ್ಯಾಂಕ್ 20 ಥೌ ಗ್ರೈಂಡ್ ಆಗಿ ಎಷ್ಟೋ ವರ್ಷಗಳಾಗಿದ್ದವು. ಮೊದಲೇ ಅಳೆಸಿದ್ದರೆ ಒಂದು ಸೆಟ್ ಬೇರಿಂಗಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ರಾಡುಗಳನ್ನೂ ಹುಡುಕಬೇಕಾಯಿತು, ಅದೂ ಶಿವಾಜಿನಗರದ ಗುಜರಿಯಲ್ಲಿ.

ಪಿಸ್ಟನ್ನಿಗೂ ಇದೇ ನಿಯಮ. ಮ್ಯಾಸಿಯಲ್ಲಿ ಬರುವ ಪರ್ಕಿನ್ಸ್ ವಿನ್ಯಾಸದ ಮೂರು ಸಿಲಿಂಡರಿನ ಎಂಜಿನ್ನುಗಳಲ್ಲೇ 144 ಕ್ಯೂಬಿಕ್ ಇಂಚಿನದರ ಬೋರ್ (ಸಿಲಿಂಡರಿನ ಒಳ ಅಗಲ) 88.9 ಮಿ.ಮೀ., 152ರದು 91.4 ಮಿ.ಮೀ.; ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಎರಡಕ್ಕೂ 127. ‘ಮ್ಯಾಸಿ ಪಿಸ್ಟನ್ ಕೊಡಿ’ ಎಂದರೆ ಅಂಗಡಿಯವರು ಯಾವುದನ್ನು ಕೊಡಬೇಕು? ಬರೀ ರಿಂಗ್ (ಪಿಸ್ಟನ್ ಸುತ್ತ ಕೂರುವ ಬಳೆ) ಬದಲಿಸಿ ಹೊಗೆ ನಿಲ್ಲಿಸಬಹುದೆಂದು ನಂಬಿದವರು ಬೋರಿನ ಮೇಲಂಚನ್ನು ಒಮ್ಮೆ ಉಗುರಿನಿಂದ ಸವರಿ ನೋಡಬೇಕು. ಮೇಲಿನ ರಿಂಗ್ ತಿರುಗಿ ಇಳಿಯುವ ಜಾಗದಲ್ಲಿ ಸವೆತ ಹೆಚ್ಚು, ಅದರ ಮೇಲೆ ಸವೆಯದೆ ಉಳಿದ ಏಣು ಉಗುರಿಗೆ ತಡೆಯುತ್ತದೆ. ಹಳೆಯ ರಿಂಗಿನ ಮೂಲೆ ದುಂಡಗಾಗಿರುತ್ತದೆ. ಹೊಸ ರಿಂಗಿನ ಚೂಪು ಮೂಲೆ ಆ ಏಣಿಗೆ ಬಡಿದು ಮುರಿಯಬಹುದು. ಸವೆತ ಕೈಪಿಡಿಯ ಮಿತಿಯೊಳಗಿದ್ದರೆ ಏಣು ತೆಗೆದು ರಿಂಗ್ ಹಾಕಬಹುದು, ಮೀರಿದ್ದರೆ ಎಂಜಿನ್ ಬೋರಿಗೆ, ಅಂದರೆ ಸಿಲಿಂಡರ್ ಸರಿಪಡಿಸುವ ಕೆಲಸಕ್ಕೆ, ಬಂದಿದೆ ಎಂದೇ ಅರ್ಥ.

ಬೋಲ್ಟುಗಳ ಬಗ್ಗೆ ಒಂದು ಮಾತು. ಮ್ಯಾಸಿಯ ಹಳೆಯ ಎಂಜಿನ್ನುಗಳಲ್ಲಿ ಇಂಚಿನ ಅಳತೆಯ ಮರೆಗಳೇ (ತಿರುಪಿನ ಸುತ್ತುಗಳೇ) ಹೆಚ್ಚು. 5/16 ಇಂಚಿನ ತೂತಿಗೆ 8 ಮಿ.ಮೀ. ಬೋಲ್ಟ್ ಒಂದೆರಡು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ. ಅಲ್ಲಿ ಸ್ಪ್ಯಾನರಿಗೆ ಪೈಪ್ ಸಿಕ್ಕಿಸುವ ಮೇಸ್ತ್ರಿಯಿಂದ ಗಾಡಿಯನ್ನು ದೂರವಿಡಿ.

ಎಂಜಿನ್ ಬಿಚ್ಚಿದ ಮೇಲೆ ಮೊದಲು ಕ್ರ್ಯಾಂಕ್, ಬ್ಲಾಕ್, ರಾಡುಗಳನ್ನು ತನ್ನಿ; ಸವೆದ ಬೇರಿಂಗ್, ಪಿಸ್ಟನ್‌ಗಳನ್ನೂ ಯಾವುದು ಯಾವ ಸಿಲಿಂಡರಿನದೆಂದು ಗುರುತು ಹಾಕಿ ಜೊತೆಗೆ ತನ್ನಿ. ಪ್ರತಿ ಪಿನ್ನನ್ನೂ ಎರಡು ದಿಕ್ಕಿನಲ್ಲಿ ಮೈಕ್ರೋಮೀಟರ್ ಹಿಡಿದು ಅಳೆದು, ಬಿರುಕು ಪರೀಕ್ಷಿಸಿ, ಗ್ರೈಂಡ್ ಮಾಡಲು ಇನ್ನೂ ಅವಕಾಶವಿದೆಯೇ ಎಂದು ನೋಡಿ ಚೀಟಿ ಬರೆದುಕೊಡುತ್ತೇವೆ. ಕೆಲವು ಕ್ರ್ಯಾಂಕುಗಳಿಗೆ ಗಟ್ಟಿತನ ಮೇಲ್ಪದರದಲ್ಲಿ ಮಾತ್ರ ಇರುವುದರಿಂದ ಎಲ್ಲದಕ್ಕೂ 30 ಥೌ ತನಕ ಹೋಗಬಹುದೆಂದು ನಾನು ಹೇಳಲಾರೆ. ಆ ಚೀಟಿ ಹಿಡಿದು ಅಂಗಡಿಗೆ ಹೋಗಿ. ಎಂಜಿನ್ ಜೋಡಣೆಯಾಗಿ, ಹೊಲದಲ್ಲಿ ಒಂದಷ್ಟು ಗಂಟೆ ಉತ್ತು, ಬಿಸಿಯಲ್ಲೂ ಆಯಿಲ್ ಪ್ರೆಷರ್ ನಿಂತ ಮೇಲೆ ಹಳೆಯದನ್ನೆಲ್ಲ ಗುಜರಿಗೆ ಹಾಕಿ, ಅದಕ್ಕೆ ಮುಂಚೆ ಬೇಡ.