ಒಂದೇ ಮೈ, ಮೂರು ಫೈಲು: ಕಾಯಿಲೆಗಳ ಲೆಕ್ಕ ಇಷ್ಟು ಗೋಜಲಾದದ್ದು ಹೇಗೆ?

ಅಮೆರಿಕದ ವಯಸ್ಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಎರಡು ಅಥವಾ ಅದಕ್ಕಿಂತ ಹೆಚ್ಚು ದೀರ್ಘಕಾಲದ ಕಾಯಿಲೆಗಳಿವೆ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಹೇಳುತ್ತದೆ. 2023ರ ಲೆಕ್ಕ, ಶೇ 51. ಅದೇ ಸಂಸ್ಥೆ 2018ಕ್ಕೆ ಕೊಟ್ಟ ಅಂಕಿ ಶೇ 27. ಐದೇ ವರ್ಷಕ್ಕೆ ಒಂದು ದೇಶದ ಆರೋಗ್ಯ ಇಷ್ಟು ಕೆಟ್ಟುಹೋಯಿತಾ? ಹಾಗೇನಿಲ್ಲ. ಸಮೀಕ್ಷೆಯೇ ಬೇರೆ, ಪಟ್ಟಿಯೇ ಬೇರೆ. ಹಿಂದಿನದರಲ್ಲಿ 10 ಕಾಯಿಲೆ ಎಣಿಸಿದ್ದರು. ನಂತರದ್ದರಲ್ಲಿ 12, ಅದೂ ಬೊಜ್ಜು, ಕೊಲೆಸ್ಟ್ರಾಲ್, ಖಿನ್ನತೆ ಎಲ್ಲ ಸೇರಿಸಿ.

ಈ ವಿಷಯದ ತೊಡಕೆಲ್ಲ ಇಲ್ಲೇ ಇದೆ. 2012ರಲ್ಲಿ ಕೆಲವು ಸಂಶೋಧಕರು ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. 75ರ ವಯಸ್ಸಿನ ಸಾಮಾನ್ಯ ಜನರಲ್ಲಿ ಹಲವು ಕಾಯಿಲೆ ಇರುವವರ ಪ್ರಮಾಣ ಒಂದು ಕಡೆ ಶೇ 13, ಇನ್ನೊಂದು ಕಡೆ ಶೇ 71ಕ್ಕೂ ಮೇಲೆ! ಯಾರನ್ನು ಹೇಗೆ ಕೇಳಿದಿರಿ, ಪಟ್ಟಿಯಲ್ಲಿ ಎಷ್ಟು ಕಾಯಿಲೆ ಇಟ್ಟುಕೊಂಡಿರಿ, ಅದರ ಮೇಲೆ ಉತ್ತರ. ಅದರ ಜೊತೆಗೆ ಎಲ್ಲಿಂದಾಚೆ ಕಾಯಿಲೆ ಅನ್ನುವ ಗೆರೆಗಳೂ ಜರುಗುತ್ತಿರುತ್ತವೆ. 1997ರಲ್ಲಿ ಸಕ್ಕರೆ ಕಾಯಿಲೆಯ ಗೆರೆ ಖಾಲಿ ಹೊಟ್ಟೆಯಲ್ಲಿ 140 ಇದ್ದದ್ದು 126ಕ್ಕೆ ಇಳಿಯಿತು. 2017ರಲ್ಲಿ ಅಮೆರಿಕದ ಹೃದ್ರೋಗ ವೈದ್ಯರ ಸಂಘಗಳು ಬಿಪಿಯ ಗೆರೆಯನ್ನು 140/90ರಿಂದ 130/80ಕ್ಕೆ ತಂದವು. ರಾತ್ರಿ ಆರೋಗ್ಯವಾಗಿ ಮಲಗಿದವರು ಬೆಳಿಗ್ಗೆ ರೋಗಿಗಳಾಗಿ ಎದ್ದರು ಅನ್ನಬಹುದು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಥೆ ಇನ್ನೂ ಹಿಂದಿನಿಂದ ಬರುತ್ತದೆ. ಘಟ್ಟದ ಮೇಲಿನ ತಾಲೂಕುಗಳಲ್ಲಿ ಜನ ಮಲೇರಿಯಾಕ್ಕೆ ಊರು ಬಿಟ್ಟ ಕಾಲವೊಂದಿತ್ತು, 1946ರ ಸುಮಾರಿಗೆ ಸೊಳ್ಳೆ ಕೊಲ್ಲುವ ಡಿಡಿಟಿ ಬಂತು, ಆಮೇಲೆ ಲಸಿಕೆ ಬಂತು, ರಸ್ತೆ ಬಂತು, ಸ್ವಾತಂತ್ರ್ಯದ ಹೊತ್ತಿಗೆ ಮೂವತ್ತೆರಡರ ಆಸುಪಾಸಿನಲ್ಲಿದ್ದ ಭಾರತೀಯರ ಸರಾಸರಿ ಆಯಸ್ಸು ಎಪ್ಪತ್ತಕ್ಕೆ ಮುಟ್ಟಿತು. ಒಳ್ಳೆಯದೇ. ಆದರೆ ಜ್ವರಕ್ಕೆ ಸಾಯದೆ ಉಳಿದವರಿಗೆ ವಯಸ್ಸಾಗುತ್ತದೆ, ವಯಸ್ಸಾದವರಿಗೆ ಶುಗರ್, ಬಿಪಿ, ಗಂಟುನೋವು. ದೇಶದ ಒಟ್ಟು ಸಾವಿನಲ್ಲಿ ಇಂಥ ಸಾಂಕ್ರಾಮಿಕವಲ್ಲದ ಕಾಯಿಲೆಗಳ ಪಾಲು 1990ರಲ್ಲಿ ಶೇ 38 ಇತ್ತು, 2016ಕ್ಕೆ ಶೇ 62 ಆಯಿತು.

ಹಾಗಂತ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದೂ ಸರಿಯಲ್ಲ. 2012ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಸುಮಾರು ಹದಿನೇಳೂವರೆ ಲಕ್ಷ ಜನರ ದಾಖಲೆ ನೋಡಿದಾಗ, ಶೇ 23ರಷ್ಟು ಮಂದಿಗೆ ಎರಡು ಅಥವಾ ಹೆಚ್ಚು ಕಾಯಿಲೆ ಇತ್ತು. ಬಡ ಪ್ರದೇಶಗಳಲ್ಲಿ ಈ ಸ್ಥಿತಿ ಹತ್ತು-ಹದಿನೈದು ವರ್ಷ ಮೊದಲೇ ಶುರುವಾಗುತ್ತಿತ್ತು. ತಲೆ ಎಣಿಸಿದರೆ 65 ದಾಟಿದವರಿಗಿಂತ ಅದಕ್ಕಿಂತ ಕಿರಿಯರೇ ಜಾಸ್ತಿ. ನಮ್ಮಲ್ಲೂ ಒಣಮೀನು, ಉಪ್ಪಿನಕಾಯಿ, ಕವಳ (ಎಲೆ-ಅಡಿಕೆ), ಸೌದೆ ಒಲೆಯ ಹೊಗೆ ಅಂತ ಪಟ್ಟಿ ಮಾಡುವುದು ಸುಲಭ. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ ಇಪ್ಪತ್ತು ವರ್ಷದ ಮೇಲಾಯಿತು. ಅಡಿಕೆ ಬೆಳೆಯುವ ಶಿರಸಿಯಲ್ಲಿ ಕೂತು ಅದನ್ನು ಬರೆಯುವುದು ಅಷ್ಟು ಸುಲಭವಲ್ಲ, ಆ ಮಾತು ಬೇರೆ.

ಅಂಕಿಗಿಂತ ನನಗೆ ದೊಡ್ಡದಾಗಿ ಕಾಣುವುದು ಓಡಾಟ. ಕುಮಟಾ ಕಡೆಯ ಅರವತ್ತೈದರ ಅಮ್ಮ ಒಬ್ಬರನ್ನು ಊಹಿಸಿಕೊಳ್ಳಿ. ಶುಗರ್ ಮಾತ್ರೆ ಊರಿನ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ, ಪುಕ್ಕಟೆ. ಹೃದಯ ತೋರಿಸಲು ಮಣಿಪಾಲ. ಮೊಣಕಾಲಿಗೆ ಹುಬ್ಬಳ್ಳಿ, ಯಾಕೆಂದರೆ ಅಲ್ಲಿ ಅಳಿಯ ಇದ್ದಾನೆ. ಮೂರು ಕಡೆ ಮೂರು ಫೈಲು. ನೋವು ತಡೆಯದಿದ್ದಾಗ ಮೆಡಿಕಲ್ ಅಂಗಡಿಯಿಂದ ಡೈಕ್ಲೊಫೆನಾಕ್ ತರಿಸಿ ನುಂಗುತ್ತಾರೆ. ಅದು ಬಿಪಿ ಏರಿಸಬಹುದು, ಕಿಡ್ನಿಗೂ ಹೊಡೆತ ಕೊಡಬಹುದು. ಬಿಪಿ ಏರಿತು ಅಂತ ಹೃದಯದ ಡಾಕ್ಟರು ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಅವರಿಗೆ ಮೊಣಕಾಲಿನ ಫೈಲು ಕಂಡೇ ಇಲ್ಲ. ಇಲ್ಲಿ ಯಾರೂ ತಪ್ಪು ಮಾಡಿಲ್ಲ. ಎಲ್ಲರೂ ತಮ್ಮ ತಮ್ಮ ಅಂಗವನ್ನು ಸರಿಯಾಗಿಯೇ ನೋಡಿದ್ದಾರೆ, ಇಡೀ ಮನುಷ್ಯಳನ್ನು ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಿನಲ್ಲಿ ಅಮ್ಮನ ಚಾರ್ಜು ಉಳಿಯಿತು. ಜೊತೆಗೆ ಹೋಗುವ ಮಗನ ದಿನಗೂಲಿ ಉಳಿಯಲಿಲ್ಲ.

ಕಾರವಾರದವರ ದಾರಿ ಇನ್ನೊಂದು ಬಗೆಯದು. ಅವರಿಗೆ ಗೋವಾದ ಬಾಂಬೋಳಿಯೇ ಹತ್ತಿರ. ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ 2018ರ ಜನವರಿಯಿಂದ ಹೊರರಾಜ್ಯದವರಿಗೆ ಶುಲ್ಕ ಶುರುವಾಯಿತು. ಅವರ ರಾಜ್ಯ, ಅವರ ದುಡ್ಡು, ಕೇಳುವ ಹಾಗಿಲ್ಲ ಅಲ್ವಾ? ಕಾರವಾರದಲ್ಲೇ ಮೆಡಿಕಲ್ ಕಾಲೇಜು ತೆರೆದಾಗಿದೆ. ಆದರೂ ಎಲ್ಲ ಬಗೆಯ ತಜ್ಞರಿರುವ ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ಜಿಲ್ಲೆಯಲ್ಲಿ ನಿಂತಿಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಪಲ್ಟಿಯಾಗಿ ನಾಲ್ವರು ತೀರಿಕೊಂಡ ಮೇಲೆ ಆ ಕೂಗು ಜೋರಾಯಿತು. ನ್ಯಾಯವಾದದ್ದೇ. ಆದರೆ ಅಪಘಾತ, ಹೃದಯಾಘಾತಕ್ಕೆ ಏಳುವ ದನಿ ಪ್ರತಿ ತಿಂಗಳು ಫೈಲು ಹಿಡಿದು ಬಸ್ಸು ಹತ್ತುವವರಿಗೆ ಏಳುವುದಿಲ್ಲ. ಅವರ ಕಷ್ಟ ಸುದ್ದಿಯಾಗುವಂಥದ್ದಲ್ಲ, ಸುಮ್ನೆ ನಡೆಯುತ್ತಲೇ ಇರುತ್ತದೆ.

ಸರ್ಕಾರಗಳು ಏನೂ ಮಾಡಿಲ್ಲ ಎಂದೂ ಅಲ್ಲ. 2010ರಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದಯ, ಪಾರ್ಶ್ವವಾಯು ಸೇರಿಸಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಬಂತು. ಮುಂದೆ 30 ದಾಟಿದವರಿಗೆ ಬಿಪಿ, ಶುಗರ್ ಮತ್ತು ಮೂರು ಬಗೆಯ ಕ್ಯಾನ್ಸರ್ ತಪಾಸಣೆ ಶುರುವಾಯಿತು. 2017-18ರಲ್ಲಿ 45 ದಾಟಿದವರು, ಅವರ ಗಂಡ ಅಥವಾ ಹೆಂಡತಿ ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ದೇಶಮಟ್ಟದ ದೊಡ್ಡ ಸಮೀಕ್ಷೆ ನಡೆಯಿತು, ಆ ಒಂದೇ ಮಾಹಿತಿಯಿಂದ ಬೇರೆ ಬೇರೆ ಸಂಶೋಧಕರು ಬೇರೆ ಬೇರೆ ಶೇಕಡಾ ತೆಗೆದರು, ಮತ್ತೆ ಅದೇ ಪಟ್ಟಿಯ ಗೊಂದಲ. 2024ರಲ್ಲಿ ಕರ್ನಾಟಕದ ಗೃಹ ಆರೋಗ್ಯ ಯೋಜನೆ ಕೋಲಾರದಿಂದ ಹೊರಟಿತು, ಮನೆ ಬಾಗಿಲಿಗೇ ಹೋಗಿ 14 ಬಗೆಯ ಕಾಯಿಲೆ ಹುಡುಕುವ ಯೋಜನೆ ಅದು.

ಹುಡುಕಿದರೆ ಸಿಗುತ್ತದೆ. ಹಾಗಾಗಿ ನಮ್ಮ ಜಿಲ್ಲೆಯ ಅಂಕಿ ಇನ್ನು ಏರುವ ಸಾಧ್ಯತೆಯೇ ಹೆಚ್ಚು. ಅದರಲ್ಲಿ ಹೊಸದಾಗಿ ಬಂದ ಕಾಯಿಲೆ ಎಷ್ಟು, ಮೊದಲೇ ಇದ್ದು ಈಗ ಗೊತ್ತಾದದ್ದೆಷ್ಟು ಎಂದು ಬೇರೆ ಬೇರೆ ಮಾಡಿ ನೋಡಬೇಕು. ಅಲ್ಲಿಯವರೆಗೆ ಫೈಲು ಒಂದಕ್ಕಿಂತ ಜಾಸ್ತಿ ಇದ್ದವರು ಮುಂದಿನ ಸಲ ಯಾವ ಡಾಕ್ಟರ ಹತ್ತಿರ ಹೋದರೂ ಅಷ್ಟನ್ನೂ ತಗೊಂಡು ಹೋಗಿ, ಮೆಡಿಕಲ್‌ನಿಂದ ತಂದ ನೋವಿನ ಮಾತ್ರೆಯ ಪಟ್ಟಿ ಸಹಿತ.